ಮುಖ ಇಲ್ಲದ ದೋಣಿ ಆಯಿ

ನಮ್ಮ ಮನೆಗೆ ಗೇಮ್ ಆಡುವ ಪೆಟ್ಟಿಗೆ ಬಂದದ್ದು ಲಾಕ್‌ಡೌನ್ ಹೊತ್ತಿನಲ್ಲಿ. ನನ್ನ ಗಂಡನ ಆಫೀಸಿನವರೊಬ್ಬರು ಗೋವಾ ಬಿಟ್ಟು ಊರಿಗೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಹಂಚಿ ಹೋದರು. ಒಬ್ಬರಿಗೆ ಫ್ರಿಜ್ಜು, ಒಬ್ಬರಿಗೆ ಮಂಚ, ನಮಗೆ ಈ ಕರಿ ಪೆಟ್ಟಿಗೆ, ಎರಡು ಕಂಟ್ರೋಲರ್, ನಾಲ್ಕು ಡಿಸ್ಕು. ಗಂಡ ವಾಸ್ಕೋದಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಏಜೆಂಟರ ಹತ್ತಿರ ಗುಮಾಸ್ತ. ನಾನು ವೆರ್ಣಾದ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ತಪಾಸಣೆ ಮಾಡುತ್ತೇನೆ. ಮನೆ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ: ಒಂದು ಕೋಣೆ, ಒಂದು ಅಡುಗೆಮನೆ, ನಾವಿಬ್ಬರು, ಮತ್ತು ನನ್ನ ಅತ್ತೆ. ಅತ್ತೆ ಬೈಲಹೊಂಗಲದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಮಾವ ಬಂದರಿನಲ್ಲಿ ದುಡಿದು, ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು.

ಆ ನಾಲ್ಕು ಡಿಸ್ಕಿನಲ್ಲಿ ಮೂರು ಬರೀ ಬಂದೂಕಿನ ಆಟ. ಅತ್ತೆ ಎರಡು ನಿಮಿಷ ನೋಡಿ, "ಇವು ಬ್ಯಾಡ, ತೆಗೀರಿ ಅತ್ಲಾಗ" ಅಂದರು. ನಾಲ್ಕನೆಯದು ಒಂದು ನದಿಯ ಆಟ. ಕಣಿವೆಯ ನಡುವೆ ದೊಡ್ಡ ನದಿ, ಅದಕ್ಕೆ ಸೇತುವೆ ಇಲ್ಲ. ಜನರನ್ನು ದಾಟಿಸುವವಳು ಒಬ್ಬ ಮುದುಕಿ. ಅವಳ ದೋಣಿಗೆ ಹುಟ್ಟು ಹಾಕುವವರು ನಾವು. ಯಾರು ಬರುತ್ತಾರೋ ಅವರ ಮಾತು ಕೇಳಬೇಕು, ಹತ್ತಿಸಿಕೊಳ್ಳಬೇಕೋ ಬಿಡಬೇಕೋ ತೀರ್ಮಾನಿಸಬೇಕು, ದಾಟಿಸಬೇಕು. ಅಷ್ಟೇ ಆಟ.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಪರದೆಯ ಮೇಲೆ ಬಂದ ಮಾತನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಗಂಡ ಹುಟ್ಟು ಹಾಕುತ್ತಿದ್ದರು, ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತ ನ್ಯಾಯ ಹೇಳುತ್ತಿದ್ದರು. ಆ ಮುದುಕಿಗೆ ಅವರೇ ಇಟ್ಟ ಹೆಸರು ದೋಣಿ ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ದೋಣಿ ಆಯಿಯ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ: ಸುಕ್ಕು, ಎಡಗಣ್ಣಿನ ಕೆಳಗೆ ಒಂದು ಮಚ್ಚೆ, ನಗುವಾಗ ಒಂದೇ ಕಡೆ ಮೇಲೇಳುವ ತುಟಿ.

ಒಂದು ಸಲ ಹೆಗಲಿಗೆ ಗಂಟು ಹಾಕಿಕೊಂಡ ಮುದುಕನೊಬ್ಬ ದಡಕ್ಕೆ ಬಂದು, ಮಗಳ ಮನೆಗೆ ಹೋಗಬೇಕು ಅಂದ.

"ಅಂವನ್ನ ಹತ್ತಿಸ್ಕೋಬ್ಯಾಡ," ಅಂದರು ಅತ್ತೆ. "ಸುಳ್ಳ ಹೇಳಾಕತ್ತಾನ."

"ಅವ್ವಾ, ಅಂವ ಕಂಪ್ಯೂಟರ್ ಮನಿಷ್ಯಾ. ಅಂವನ ಸುಳ್ಳ ನಿನಗ ಹೆಂಗ ಗೊತ್ತಾತು?" ಅಂದರು ಗಂಡ.

"ಮಗಳ ಮನಿಗೆ ಹೋಗಾವ ಬರೀ ಕೈಲೆ ಹೊಕ್ಕಾನೇನು? ಕೈಯಾಗ ಒಂದ್ ಹಣ್ಣಿಲ್ಲ, ಹೂವಿಲ್ಲ. ಆ ಗಂಟ್ನ್ಯಾಗ ಏನೈತಿ ಕೇಳು."

ಗಂಡ ಕೇಳಲಿಲ್ಲ, ದಾಟಿಸಿದರು. ಮುದುಕ ಆಚೆ ದಡದಲ್ಲಿ ಮಗಳ ಮನೆಗೆ ಬೆಂಕಿ ಹಚ್ಚಲು ಬಂದವನಾಗಿದ್ದ. ಗಂಟಿನಲ್ಲಿದ್ದದ್ದು ಎಣ್ಣೆಯ ಚಿಂದಿ. ಅತ್ತೆ ಆವತ್ತು ಇಡೀ ದಿನ ಮಗನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಟ ಕಟ್ಟಿದವರು ಯಾವ ದೇಶದವರೋ ಏನೋ, ಆದರೆ ಮಗಳ ಮನೆಗೆ ಬರಿಗೈಯಲ್ಲಿ ಹೋಗುವವನನ್ನು ನಂಬಬಾರದು ಎಂಬುದು ಅವರಿಗೂ ಗೊತ್ತಿತ್ತು ಎಂದು ನನಗೆ ಭಾಳ ಸಂತೋಷವಾಗಿತ್ತು.

ಆ ಆಟ ದೊಡ್ಡದೇನಲ್ಲ. ಚಿತ್ರ ಸಾಧಾರಣ, ಊರು ಆರೋ ಏಳೋ. ಆದರೆ ಇರಬೇಕಾದದ್ದೆಲ್ಲ ಇತ್ತು. ನೀರಿಗೆ ಹುಟ್ಟು ಬಿದ್ದರೆ ನೀರು ಸರಿಯುತ್ತಿತ್ತು. ಬಾಗಿಲು ತಟ್ಟಿದರೆ ಬಾಗಿಲು ತೆರೆಯುತ್ತಿತ್ತು. ನಾವು ಮೂವರೂ ಭಾನುವಾರದ ಮಧ್ಯಾಹ್ನಗಳನ್ನು ಅದರ ಮುಂದೆ ಕಳೆದೆವು, ಮುಗಿದ ಮೇಲೆ ಮತ್ತೆ ಮೊದಲಿಂದ ಆಡಿದೆವು. ಎರಡನೆಯ ಸಲ ಆ ಮುದುಕನನ್ನು ಹತ್ತಿಸಿಕೊಳ್ಳಲಿಲ್ಲ.

ಮುಂದಿನ ಭಾಗ ಬರುತ್ತದೆ ಎಂಬ ಸುದ್ದಿಯನ್ನು ಗಂಡ ಫೋನಿನಲ್ಲಿ ನೋಡಿ ಅಡುಗೆಮನೆಗೆ ಓಡಿ ಬಂದು ತೋರಿಸಿದರು. ಒಂದೂವರೆ ನಿಮಿಷದ ಟ್ರೇಲರ್. ದೋಣಿ ಆಯಿ ಸಮುದ್ರಕ್ಕೆ ಬಂದಿದ್ದಳು. ಅಲೆ, ಗಾಳಿಗೆ ಹಾರುವ ಅವಳ ಬಿಳಿ ಕೂದಲು, ಮಚ್ಚೆ, ಎಲ್ಲ ಕಣ್ಣಿಗೆ ಹೊಡೆಯುವ ಹಾಗೆ. ಅತ್ತೆ ಫೋನನ್ನು ಕೈಯಲ್ಲಿ ಹಿಡಿದು ದೂರ ಮಾಡಿ, ಹತ್ತಿರ ಮಾಡಿ ನೋಡಿದರು. "ಸೊರಗ್ಯಾಳ," ಅಂದರು.

ಮೊದಲು ಆಟ ಬೇಸಿಗೆಗೆ ಅಂದರು. ಆಮೇಲೆ ಮಳೆಗಾಲ ಮುಗಿದ ಮೇಲೆ ಅಂದರು. ಆಮೇಲೆ ಮುಂದಿನ ವರ್ಷ. ಪ್ರತಿ ಸಲ ಮುಂದಕ್ಕೆ ಹಾಕುವಾಗಲೂ ಕಂಪನಿ ಒಂದೇ ಕಾರಣ ಕೊಡುತ್ತಿತ್ತು: ನಿಮಗೆ ತಕ್ಕ ಆಟ ಕೊಡಬೇಕೆಂದು ಇನ್ನಷ್ಟು ತಿದ್ದುತ್ತಿದ್ದೇವೆ. ಗಂಡ ಇದನ್ನು ಓದಿ ಹೆಮ್ಮೆ ಪಡುತ್ತಿದ್ದರು. "ನೋಡು, ಹಿಂಗಿರ್ಬೇಕು. ಅರ್ಧಾ ಮಾಡಿ ಕೊಡಾಂಗಿಲ್ಲ ಇವ್ರು." ನಾನೂ ಒಪ್ಪಿಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ, ನಾನೂ ಆವಾಗ ಆ ಕಂಪನಿಯನ್ನು ಗೌರವದಿಂದಲೇ ನೋಡುತ್ತಿದ್ದೆ.

ಕೊನೆಗೆ ತಾರೀಖು ಗಟ್ಟಿಯಾಯಿತು. ಮುಂಗಡ ಕೊಟ್ಟು ಕಾಯ್ದಿರಿಸಿದವರಿಗೆ ಆಟದಲ್ಲಿ ಒಂದು ಬಂಗಾರದ ಹುಟ್ಟು ಉಚಿತ ಎಂದು ಪ್ರಕಟಣೆ ಬಂತು. ಗಂಡ ಅದೇ ದಿನ ಆಫೀಸು ಬಿಟ್ಟು ಮಾರ್ಕೆಟ್ಟಿನ ಹತ್ತಿರದ ಅಂಗಡಿಗೆ ಹೋಗಿ ಹೆಸರು ಬರೆಸಿ ಬಂದರು. ಇನ್ನೂ ಯಾರೂ ಕಣ್ಣಲ್ಲಿ ನೋಡದ ಸಾಮಾನಿಗೆ ಪೂರ್ತಿ ಹಣ ತೆತ್ತು, ಬದಲಿಗೆ ಇಲ್ಲದ ಬಂಗಾರದ ಇಲ್ಲದ ಹುಟ್ಟು. ನಾವು ತರಕಾರಿಯವಳ ಹತ್ತಿರ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುವ ಜನ. ಆವತ್ತು ನನಗೂ ಇದು ತಮಾಷೆ ಅನ್ನಿಸಿತೇ ಹೊರತು ಮೋಸ ಅನ್ನಿಸಲಿಲ್ಲ.

ಆಟ ಬಂದ ದಿನ ಶುಕ್ರವಾರ. ನಾನು ಆವತ್ತಿನ ಪಾಳಿಯನ್ನು ಜೊತೆಯವಳಿಗೆ ವಹಿಸಿದ್ದೆ, ಗಂಡ ರಜೆ ಹಾಕಿದ್ದರು. ಅತ್ತೆ ಬೆಳಿಗ್ಗೆಯೇ ಟಿವಿಯ ಪರದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಬಂದರಿನ ಕಲ್ಲಿದ್ದಲ ಧೂಳು ನಮ್ಮ ಓಣಿಯಲ್ಲಿ ಕಿಟಕಿ ಮುಚ್ಚಿದರೂ ಒಳಗೆ ಬಂದು ಕೂರುತ್ತದೆ. ದಿನಾ ಒರೆಸಿದರೂ ಬಟ್ಟೆ ಕರ್ರಗಾಗುತ್ತದೆ. ಚಹದ ಜೊತೆಗೆ ಮಂಡಕ್ಕಿಯ ಗಿರಮಿಟ್ಟು ಮಾಡಿಟ್ಟರು. ಗಂಡ ಅಂಗಡಿಯಿಂದ ಡಿಸ್ಕು ತಂದು, ಸುತ್ತಿದ ಪ್ಲಾಸ್ಟಿಕ್ಕನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಪೆಟ್ಟಿಗೆಯೊಳಗೆ ಹಾಕಿದರು.

ಪರದೆಯ ಮೇಲೆ ಒಂದು ಗೆರೆ ಬಂತು. ಡಿಸ್ಕಿನಲ್ಲಿದ್ದದ್ದು ಆಟದ ಒಂದು ಚೂರು ಮಾತ್ರ, ಉಳಿದದ್ದನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕಂತೆ. ನಮ್ಮ ಓಣಿಯ ಇಂಟರ್‌ನೆಟ್‌ಗೆ ಆ ಗೆರೆ ತುಂಬಲು ಇಡೀ ದಿನವೂ ಸಾಲಲಿಲ್ಲ. ನಡುವೆ ಎರಡು ಸಲ ಕರೆಂಟು ಹೋಯಿತು. ಗಿರಮಿಟ್ಟು ಮೆತ್ತಗಾಯಿತು.

"ಅಂಗಡ್ಯಾಂವ ಖಾಲಿ ಡಬ್ಬಿ ಕೊಟ್ಟಾನೇನು?" ಅತ್ತೆ ಕೇಳಿದರು.

"ಇಲ್ಲವ್ವಾ, ಈಗೆಲ್ಲಾ ಹಿಂಗ."

ಈಗೆಲ್ಲಾ ಹಿಂಗ. ಈ ಮಾತನ್ನು ಮುಂದೆ ನಾನು ಗಂಡನ ಬಾಯಿಂದ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಶನಿವಾರ ನನಗೆ ಪಾಳಿ ಇತ್ತು. ಭಾನುವಾರ ಮಧ್ಯಾಹ್ನ, ಊಟ ಮುಗಿಸಿ, ಮೂವರೂ ಕೂತೆವು. ಮೊದಲ ದೃಶ್ಯದಲ್ಲಿ ಸಮುದ್ರ. ಚೆಂದವಿತ್ತು. ನಾವು ದಡದಲ್ಲಿ ನಿಂತಿದ್ದೆವು. ಗಂಡ ದೋಣಿಯ ಕಡೆ ಹೆಜ್ಜೆ ಇಟ್ಟರು. ನಾಲ್ಕನೆಯ ಹೆಜ್ಜೆಗೆ ನೆಲ ಇರಲಿಲ್ಲ. ಮರಳಿನ ಚಿತ್ರ ಇತ್ತು, ನೆಲ ಇರಲಿಲ್ಲ. ನಾವು ಮರಳಿನೊಳಗಿಂದ ಕೆಳಕ್ಕೆ, ಬೂದು ಬಣ್ಣದ ಏನೂ ಇಲ್ಲದ ಜಾಗಕ್ಕೆ ಬೀಳುತ್ತ ಹೋದೆವು. ಮೇಲೆ ನೋಡಿದರೆ ಸಮುದ್ರದ ಹೊಟ್ಟೆ ಕಾಣುತ್ತಿತ್ತು. ಗಂಡ ನಕ್ಕು ಮತ್ತೆ ಮೊದಲಿಂದ ಶುರು ಮಾಡಿದರು.

ಎರಡನೆಯ ಸಲ ದೋಣಿ ಸಿಕ್ಕಿತು. ಅದು ನೀರಿನಿಂದ ಒಂದು ಆಳೆತ್ತರ ಮೇಲೆ, ಗಾಳಿಯಲ್ಲಿ ನಿಂತಿತ್ತು. ಹತ್ತಿದವರು ಮೂರು ಜನ ಒಬ್ಬರೊಳಗೊಬ್ಬರು ಹೂತುಕೊಂಡು, ಆರು ಕೈಯಾಗಿ ಕೂತರು. ಮಾತಾಡಿದರೆ ಬಾಯಿ ಆಡುತ್ತಿರಲಿಲ್ಲ, ಆಡಿದಾಗ ಮಾತು ಬರುತ್ತಿರಲಿಲ್ಲ. ಗಂಡ ನಗುವುದನ್ನು ನಿಲ್ಲಿಸಿದ್ದರು. ಅಷ್ಟರಲ್ಲಿ ದೋಣಿ ಆಯಿ ನಮ್ಮ ಕಡೆ ತಿರುಗಿದಳು.

ಮುಖ ಇರಲಿಲ್ಲ. ಕೂದಲಿತ್ತು, ಸೆರಗಿನಂಥ ಬಟ್ಟೆ ಇತ್ತು, ನಡುವೆ ಎರಡು ಕಣ್ಣುಗುಡ್ಡೆ ಮತ್ತು ಎರಡು ಸಾಲು ಹಲ್ಲು ಗಾಳಿಯಲ್ಲಿ ತೇಲುತ್ತಿದ್ದವು. ಚರ್ಮ ಹಾಕುವುದನ್ನೇ ಮರೆತುಬಿಟ್ಟಿದ್ದರು. ಆ ಹಲ್ಲುಗಳು ಕಿಸಿದು, ತುಂಬು ಅಕ್ಕರೆಯ ದನಿಯಲ್ಲಿ, ಎಷ್ಟು ದಿನವಾಯಿತು ನಿಮ್ಮನ್ನು ನೋಡಿ ಅಂದವು.

ಅತ್ತೆ ಮೊರ ಕೆಳಗಿಟ್ಟರು. "ಏನ್ ಮಾಡ್ಯಾರ ಇಕೀಗೆ?"

ಗಂಡ, "ಏನಿಲ್ಲವ್ವಾ, ಇನ್ನಾ ಲೋಡ್ ಆಗಾಕತ್ತೈತಿ," ಅಂದರು.

"ನಾ ಕೇಳಿದ್ದ ಅದಲ್ಲೋ. ಯಾರರ ಸುಟ್ಟಾರೇನು ಇಕೀನ? ಕತಿಯೊಳಗ ಹಂಗ ಐತೇನು?"

ಕಥೆಯಲ್ಲಿ ಹಾಗಿಲ್ಲ, ಮಾಡಿದವರು ಸರಿಯಾಗಿ ಮಾಡಿಲ್ಲ ಎಂದು ನಾನು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಬೆಂಕಿ ಹಚ್ಚುವ ಮುದುಕ ಅವರಿಗೆ ಅರ್ಥವಾಗಿದ್ದ. ಕಥೆಗೆ ಕಾರಣವೇ ಇಲ್ಲದೆ ಒಂದು ಹೆಂಗಸಿನ ಮುಖ ಕಿತ್ತು ಮಾರಾಟಕ್ಕೆ ಇಡುವುದು ಅರ್ಥವಾಗಲಿಲ್ಲ. ಅರ್ಧ ಗಂಟೆ ಕೂತರು. ಮುಖ ಬರಲಿಲ್ಲ. ಆಮೇಲೆ ಪರದೆ ನಿಂತುಹೋಯಿತು, ಒಂದು ನೀಲಿ ಚೌಕ ಬಂದು ಕ್ಷಮೆ ಕೇಳಿತು. ತಿರುಗಿ ಹಾಕಿದರೆ ನಾವು ಆಡಿದ ಅಷ್ಟೂ ಅಳಿಸಿಹೋಗಿತ್ತು. ಅತ್ತೆ ಎದ್ದು ಅಕ್ಕಿಯನ್ನು ಡಬ್ಬಿಗೆ ಸುರಿದು, ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ಆವತ್ತು ಸಂಜೆ ಚಹದ ಹೊತ್ತಿಗೆ ಗಂಡ ಫೋನಿನಲ್ಲಿ ಓದಿ ಬಂದ ಸಮಾಧಾನ ಹೇಳಿದರು. "ಎಲ್ಲಾರಿಗೂ ಹಿಂಗ ಆಗೇತಂತ. ಪ್ಯಾಚ್ ಬರ್ತೈತಿ. ವಾರದಾಗ ಸರಿ ಆಕ್ಕೈತಿ."

"ಪ್ಯಾಚ್ ಅಂದ್ರ?" ಅತ್ತೆ ಕೇಳಿದರು.

"ತ್ಯಾಪಿ ಅತ್ತಿ," ಅಂದೆ ನಾನು. "ಹರಕಿಗೆ ಹಚ್ತೀವಲ್ರಿ, ಅದು."

"ಹೊಸಾ ಸೀರಿಗೆ ತ್ಯಾಪಿ ಯಾಕ?"

ಗಂಡ ಚಹದ ಲೋಟ ಎತ್ತಿಕೊಂಡು ಮತ್ತೆ ಫೋನು ನೋಡತೊಡಗಿದರು. ಕಂಪನಿಯವರಿಗೆ ಮಾತ್ರ ಕಾಗದ ಬರೆಯಲು ಚೆನ್ನಾಗಿ ಬರುತ್ತಿತ್ತು. ಎರಡು ದಿನದ ಮೇಲೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಕ್ಷಮಾಪಣೆ ಬಂತು. ಕೆಲವು ಆಟಗಾರರಿಗೆ ನಾವು ಬಯಸಿದಂಥ ಅನುಭವ ಸಿಗದೇ ಇದ್ದಿರಬಹುದು, ಅಂತ. ಕೆಲವರಿಗಂತೆ, ಇರಬಹುದಂತೆ. ನಿಮ್ಮ ಉತ್ಸಾಹಕ್ಕೆ ಕೃತಜ್ಞರು, ಅಂತ. ಈ ಪಯಣದಲ್ಲಿ ನಮ್ಮ ಜೊತೆಗಿರಿ, ಅಂತ. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಲು ಹೋಗಿ ನಡುವೆ ನಿಲ್ಲಿಸಿದೆ. ಕನ್ನಡದಲ್ಲಿ ಹೇಳಿದರೆ ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ತಪ್ಪಾಯಿತು ಎಂಬ ಒಂದು ಪದ ಹುಡುಕಿದೆ, ಇರಲಿಲ್ಲ.

ನನ್ನ ಸಿಟ್ಟು ಆಟ ಕೆಟ್ಟಿದ್ದಕ್ಕಲ್ಲ. ಕೆಲಸ ಕೆಡುತ್ತದೆ, ಅದು ನನಗಿಂತ ಯಾರಿಗೆ ಗೊತ್ತು? ನಾನು ದಿನಾ ನೋಡುವುದೇ ಕೆಟ್ಟದ್ದನ್ನು. ಹತ್ತು ಗುಳಿಗೆಯ ಸ್ಟ್ರಿಪ್ಪಿನಲ್ಲಿ ಒಂದು ಗೂಡು ಖಾಲಿ ಇದ್ದರೆ ಆ ಸ್ಟ್ರಿಪ್ಪು ಹೊರಗೆ. ಒಂದು ಗುಳಿಗೆಯ ಅಂಚು ಒಡೆದಿದ್ದರೆ ಹೊರಗೆ. ಬೆಳಕಿನ ಕೆಳಗೆ ಎಂಟು ಗಂಟೆ ನೋಡಿ ನೋಡಿ, ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣು ಮುಚ್ಚಿದರೂ ಸ್ಟ್ರಿಪ್ಪುಗಳು ಸಾಗುತ್ತಿರುತ್ತವೆ. ಉಳಿದ ಒಂಬತ್ತು ಗುಳಿಗೆ ಚೆನ್ನಾಗಿವೆ, ಹತ್ತನೆಯದನ್ನು ಆಮೇಲೆ ಟಪಾಲಿನಲ್ಲಿ ಕಳಿಸುತ್ತೇವೆ ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ನಾನು ನಗುತ್ತಿದ್ದೆ.

ಆದರೆ ಒಂದು ಸಲ ನಾನೂ ಸಹಿ ಹಾಕಿದ್ದೇನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ರಟ್ಟಿನ ಪೆಟ್ಟಿಗೆಗಳ ಮೇಲೆ ಅವಧಿ ಮುಗಿಯುವ ತಾರೀಖು ಮಸುಕಾಗಿ ಅಚ್ಚಾಗಿತ್ತು. ಕಣ್ಣು ಕಿರಿದು ಮಾಡಿದರೆ ಓದಬಹುದು, ಇಲ್ಲದಿದ್ದರೆ ಇಲ್ಲ. ಇದು ಹೊರಗೆ ಹೋಗುವ ಹಾಗಿಲ್ಲ ಎಂದು ನಾನು ಬರೆದು ಕೊಟ್ಟೆ. ಮೇಲಿನವರು ಬಂದು ಹಿಂದಿಯಲ್ಲಿ, ಹೊರಗೆ ಗಾಡಿ ನಿಂತಿದೆ, ಓದಲು ಬರುತ್ತದಲ್ಲ, ಸಹಿ ಹಾಕಿಬಿಡಿ ಅಂದರು. ಹಾಕಿದೆ. ಸರಕು ಗೋದಾಮಿನವರೆಗೆ ಹೋಗಿ, ಅಲ್ಲಿ ಯಾರೋ ಕಣ್ಣಿಟ್ಟು ನೋಡಿ ತಿರುಗಿ ಕಳಿಸಿದರು. ಮೂರು ದಿನ ನಿಂತುಕೊಂಡು ಒಂದೊಂದೇ ಪೆಟ್ಟಿಗೆ ಬಿಚ್ಚಿದೆ. ಮೇಲಿನವರು ಆ ಮೂರು ದಿನ ನನ್ನ ಮುಂದೆ ಹಾಯಲಿಲ್ಲ.

ಅದಕ್ಕೇ ನನಗೆ ಗೊತ್ತು. ದೋಣಿ ಆಯಿಗೆ ಮುಖವಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನಂಥವಳೊಬ್ಬಳು ಅದನ್ನು ನೋಡಿ ಬರೆದು ಕೊಟ್ಟಿರುತ್ತಾಳೆ, ಒಂದು ಸಲವಲ್ಲ ಹತ್ತು ಸಲ. ನೆಲವಿಲ್ಲ ಎಂದು ಬರೆದಿರುತ್ತಾಳೆ. ದೋಣಿ ಗಾಳಿಯಲ್ಲಿದೆ ಎಂದು ಬರೆದಿರುತ್ತಾಳೆ. ಆಮೇಲೆ ಯಾರೋ ಒಬ್ಬ ಬಂದು, ಗಾಡಿ ನಿಂತಿದೆ ಅಂದಿರುತ್ತಾನೆ. ಆ ಬರೆದವಳ ಮೇಲೆ ನನಗೆ ಸಿಟ್ಟಿಲ್ಲ. ಗಾಡಿ ನಿಂತಿದೆ ಅಂದವನ ಮೇಲೆ ಸಿಟ್ಟೂ ಇಲ್ಲ, ಸಿಟ್ಟಿಗೆ ಒಂದು ಬೆಲೆ ಇದೆ. ಅವನ ಬಗ್ಗೆ ನನಗಿರುವುದು ಬರೀ ತಾತ್ಸಾರ.

ಇನ್ನೊಂದು ಸಂಗತಿ ಕಂಡಾಗ ಆ ತಾತ್ಸಾರ ಗಟ್ಟಿಯಾಯಿತು. ಆಟದೊಳಗೆ ಒಂದು ಅಂಗಡಿ ಇತ್ತು. ದೋಣಿಗೆ ಬಣ್ಣ, ಆಯಿಗೆ ಶಾಲು, ಟೋಪಿ, ಎಲ್ಲ ನಿಜವಾದ ಹಣಕ್ಕೆ. ಸಮುದ್ರ ನಿಲ್ಲುತ್ತಿತ್ತು, ಜನ ನಿಲ್ಲುತ್ತಿದ್ದರು, ಇಡೀ ಜಗತ್ತು ಗಕ್ಕನೆ ನಿಲ್ಲುತ್ತಿತ್ತು. ಆ ಅಂಗಡಿ ಒಂದು ಸಲವೂ ನಿಲ್ಲಲಿಲ್ಲ. ಗುಂಡಿ ಒತ್ತಿದರೆ ಬೆಣ್ಣೆಯ ಹಾಗೆ ತೆರೆಯುತ್ತಿತ್ತು. ಅದನ್ನು ಯಾರೋ ಚೆನ್ನಾಗಿ ತಪಾಸಣೆ ಮಾಡಿದ್ದರು. ಮುಖವಿಲ್ಲದ ಮುದುಕಿಗೆ ಟೋಪಿ ಮಾರುವ ಕೆಲಸ ಮಾತ್ರ ಚೊಕ್ಕವಾಗಿ ಮುಗಿದಿತ್ತು.

ಮುಂದಿನ ವಾರ ಒಂದು ದಿನ, ಗಂಡನಿಗೆ ಹೇಳದೆ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಬೆಳಗಿನ ಪಾಳಿಗೆ ಹೋಗಿದ್ದೆ. ಬರುವಾಗ ವಾಸ್ಕೋದಲ್ಲಿ ಇಳಿದು ಅಂಗಡಿಗೆ ಹೋದೆ. ಅಂಗಡಿಯವರು ಇಲ್ಲಿನವರೇ, ಅರ್ಧ ಕೊಂಕಣಿ ಅರ್ಧ ಹಿಂದಿಯಲ್ಲಿ ಮಾತಾಡುವ, ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡ ಮನುಷ್ಯ. ನಾನು ಡಿಸ್ಕು ಕೌಂಟರಿನ ಮೇಲೆ ಇಡುವ ಮೊದಲೇ ಅವರಿಗೆ ತಿಳಿಯಿತು.

"ಬಿಚ್ಚಿದ್ದನ್ನ ತಗೊಳ್ಳೋ ಹಾಗಿಲ್ಲ ಬಾಯ್," ಅಂದರು. ಇಲ್ಲಿ ಬಾಯ್ ಅಂದರೆ ಅಕ್ಕ.

"ಬಿಚ್ಚದೆ ಕೆಟ್ಟಿದೆ ಅಂತ ಹೇಗೆ ಗೊತ್ತಾಗಬೇಕು?" ಎಂದು ನಾನು ಹಿಂದಿಯಲ್ಲಿ ಕೇಳಿದೆ.

ಅವರು ಮೇಲಿನ ಕಪಾಟು ತೋರಿಸಿದರು. ಅದೇ ಆಟದ ಡಬ್ಬಿಗಳು ಸಾಲಾಗಿ ನಿಂತಿದ್ದವು. "ಬೆಳಿಗ್ಗೆಯಿಂದ ಎಲ್ಲರೂ ನನಗೇ ಬಯ್ದು ಹೋಗ್ತಾರೆ. ಕಂಪನಿಯವರು ನನ್ನ ಹತ್ತಿರವೂ ವಾಪಸ್ ತಗೊಳ್ಳಲ್ಲ. ಕಿತೆಂ ಕರ್ಪ?" ಏನು ಮಾಡಲಿ ಎಂದು ಕೈ ಚೆಲ್ಲಿದರು.

ಅವರಿಗೆ ಬಯ್ಯಲು ನನಗೆ ಮನಸ್ಸಾಗಲಿಲ್ಲ. ಮಾಡಿದವನು ದೂರದಲ್ಲಿ ಕ್ಷಮಾಪಣೆ ಬರೆಯುತ್ತಾನೆ, ಬೈಸಿಕೊಳ್ಳುವವನು ಮಾರ್ಕೆಟ್ಟಿನಲ್ಲಿ ಕೂತಿರುತ್ತಾನೆ. ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ದಿಬ್ಬ ಹತ್ತಿ ಮನೆಗೆ ಬಂದೆ.

ಗಂಡ ಆವತ್ತು ನನಗಿಂತ ಮೊದಲು ಬಂದು, ಟಿವಿಯ ಪಕ್ಕ ಡಿಸ್ಕು ಹುಡುಕುತ್ತಿದ್ದರು. ನನ್ನ ಚೀಲದಿಂದ ಅದು ಹೊರಬಂದದ್ದನ್ನು ನೋಡಿ ಅವರ ಮುಖ ಬಿಗಿಯಿತು.

"ನನಗ ಕೇಳದ ಒಯ್ದಿ?"

"ವಾಪಸ್ ಕೊಡಾಕ ಒಯ್ದಿದ್ದೆರಿ. ತಗೊಳ್ಳಿಲ್ಲ."

"ಇಷ್ಟ ವರ್ಷ ಕಾದೇವಿ. ಇನ್ನ ಎರಡ ತಿಂಗಳ ಕಾಯಾಕ ಏನ್ ತ್ರಾಸ ನಿನಗ? ಅಷ್ಟರಾಗ ಸರಿ ಮಾಡ್ತೀವಿ ಅಂತ ಈಗ ಹೇಳ್ಯಾರಲಾ?"

"ನೀವು ಕಾಯ್ತೀರಿ ಅಂತ ಅವರಿಗೆ ಗೊತ್ತೈತಿ. ಅದಕ್ಕ ಹಿಂಗ ಮಾಡ್ಯಾರ."

"ಅವರೂ ಮನಿಷ್ಯಾರ. ಭಾಳ ದೊಡ್ಡ ಕೆಲಸ ಅದು. ನಿನ್ನ ಗುಳಿಗಿ ಎಣಿಸಿದಂಗಲ್ಲ."

ಆ ಮಾತು ಹೊರಬಿದ್ದ ಮೇಲೆ ಅವರಿಗೇ ತಿಳಿಯಿತು, ಆದರೆ ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಕೈಕಾಲು ತೊಳೆಯಲು ಒಳಗೆ ಹೋದೆ. ಅತ್ತೆ ಒಲೆಯ ಮುಂದಿಂದ ಮಗನಿಗೆ, "ಅಕಿ ಎಣಸಾಂಗಿಲ್ಲೋ, ನೋಡ್ತಾಳ," ಅಂದರು. ಅಷ್ಟೇ ಅಂದರು. ಗಂಡ ಹೆಂಡತಿ ಎರಡು ದಿನ ಉಪ್ಪು ಕೊಡು, ಸಾರು ಕೊಡು ಎಂಬಷ್ಟರಲ್ಲೇ ಸಂಸಾರ ಮಾಡಿದೆವು. ಮೂರನೆಯ ದಿನ ಅವರು ನನ್ನ ಊಟದ ಡಬ್ಬಿ ತಾವೇ ಕಟ್ಟಿ, ಬಸ್ ನಿಲ್ಲುವ ಜಾಗದ ತನಕ ಹಿಡಿದುಕೊಂಡು ಬಂದರು. ನನಗೆ ಅವರ ಮೇಲೆ ಇದ್ದದ್ದು ಕರಗಿತು. ಆಟದ ಮೇಲಿನದು ಕರಗಲಿಲ್ಲ.

ಎರಡು ತಿಂಗಳು ಎಂದದ್ದು ನಾಲ್ಕಾಯಿತು, ಆರಾಯಿತು. ತೇಪೆಯ ಮೇಲೆ ತೇಪೆ ಬಂತು. ಪ್ರತಿ ಸಲವೂ ಇಡೀ ದಿನ ಇಳಿಸಿಕೊಳ್ಳಬೇಕು. ಒಂದು ತೇಪೆಗೆ ನೆಲ ಬಂತು, ನೀರು ಹೋಯಿತು. ಇನ್ನೊಂದಕ್ಕೆ ದೋಣಿ ಕೆಳಗಿಳಿಯಿತು, ಬಾಗಿಲುಗಳು ತೆರೆಯುವುದು ನಿಂತಿತು. ಗಂಡ ಪ್ರತಿ ಭಾನುವಾರ ಒಂದು ಗಂಟೆ ಆಡಿ ನೋಡುವರು, ಕೆಟ್ಟದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕಂಪನಿಗೆ ಕಳಿಸುವರು. ಸಂಬಳ ಕೊಟ್ಟು ಮಾಡಿಸಬೇಕಾದ ನನ್ನ ಕೆಲಸವನ್ನು ನನ್ನ ಗಂಡ ಹಣ ತೆತ್ತು ಮಾಡುತ್ತಿದ್ದರು. ಒಂದು ಸಲ ಈ ಮಾತನ್ನು ಅವರಿಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ಹಾಳೆ ಮಾತ್ರ ಹರಿಯಲಿಲ್ಲ.

ಅವರು ಒಬ್ಬರೇ ಅಲ್ಲ. ಅವರ ಫೋನಿನಲ್ಲಿ ಇಂಥವರ ದೊಡ್ಡ ಜಾತ್ರೆಯೇ ಇತ್ತು. ದೂರುವವರನ್ನು ಬಯ್ಯುವವರು, ತಾಳ್ಮೆ ಇಲ್ಲದವರು ಆಟ ಆಡಬೇಡಿ ಅನ್ನುವವರು, ಮುಖವಿಲ್ಲದ ಆಯಿಯ ಚಿತ್ರ ಹಾಕಿ ನಗುವವರು, ಆ ಚಿತ್ರವನ್ನು ಬನಿಯನ್ ಮೇಲೆ ಅಚ್ಚು ಹಾಕಿಸಿ ಮಾರುವವರು. ಮೋಸ ಹೋದವರೇ ಮೋಸ ಮಾಡಿದವನಿಗೆ ವಕೀಲರಾಗಿ ನಿಲ್ಲುವುದನ್ನು ನಾನು ಬೇರೆ ಯಾವ ವ್ಯಾಪಾರದಲ್ಲೂ ಇಷ್ಟು ನೋಡಿಲ್ಲ. ಹುಳಿಯಾದ ಹಾಲು ಕೊಟ್ಟವನಿಗೆ ನಮ್ಮ ಓಣಿಯ ಹೆಂಗಸರು ಏನು ಅನ್ನುತ್ತಾರೆ ಎಂಬುದನ್ನು ಆ ಕಂಪನಿಯವರು ಒಂದು ಬೆಳಿಗ್ಗೆ ಬಂದು ಕೇಳಬೇಕಿತ್ತು.

ಹತ್ತನೆಯ ತಿಂಗಳಿಗೆ ಮುಖ ಬಂತು. ಭಾನುವಾರ ಮಧ್ಯಾಹ್ನ. ನಾನು ಬಟ್ಟೆ ಮಡಿಸುತ್ತಿದ್ದೆ. ಗಂಡ ಜೋರಾಗಿ ಕೂಗಿದರು.

"ಅವ್ವಾ! ಬಾ ಇಲ್ಲಿ! ಮುಖ ಬಂದೈತಿ ನೋಡು, ದೋಣಿ ಆಯೀದು!"

ಅತ್ತೆ ಆ ಹೊತ್ತಿಗೆ ಹೊರಗೆ ಹೊರಟಿದ್ದರು. ಮಳೆಗಾಲ ಶುರುವಾದಾಗಿನಿಂದ ಭಾನುವಾರ ಮಧ್ಯಾಹ್ನ ಮೇಲಿನ ಓಣಿಯ ಒಂದು ಮನೆಯಲ್ಲಿ ನಮ್ಮ ಕಡೆಯ ಹೆಂಗಸರು ಸೇರಿ ಭಜನೆ ಮಾಡುತ್ತಿದ್ದರು. ಅತ್ತೆಯ ದನಿ ಚೆನ್ನಾಗಿದೆ ಎಂಬುದು ನಮಗೆಲ್ಲ ಗೊತ್ತಾದದ್ದೇ ಆವಾಗ. ಕೈಯಲ್ಲಿ ತಾಳ ಹಿಡಿದುಕೊಂಡೇ ಅವರು ಟಿವಿಯ ಮುಂದೆ ಬಂದು ನಿಂತರು. ಆಯಿ ತಿರುಗಿದಳು. ಸುಕ್ಕಿತ್ತು, ಮಚ್ಚೆ ಇತ್ತು, ಒಂದೇ ಕಡೆ ಮೇಲೇಳುವ ತುಟಿ ಇತ್ತು. ಟ್ರೇಲರಿನಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು. ಎಷ್ಟು ದಿನವಾಯಿತು ನಿಮ್ಮನ್ನು ನೋಡಿ, ಅಂದಳು.

ಅತ್ತೆ ನೋಡಿದರು. ಬಸ್ಸಿನಲ್ಲಿ ಎಂದೋ ಪರಿಚಯವಾದವರು ಮಾರ್ಕೆಟ್ಟಿನಲ್ಲಿ ಎದುರಾದರೆ ನೋಡುವ ಹಾಗೆ.

"ಚಲೋ ಆತು," ಅಂದರು. "ಪಾಪ, ಭಾಳ ದಿನ ಹಂಗ ಇದ್ಳು."

"ಕೂಡ್ರು. ಮೊದ್ಲಿಂದ ಶುರು ಮಾಡ್ತೇನಿ. ಇಕಿ ಓದಿ ಹೇಳ್ತಾಳ."

"ಈಗ ಬ್ಯಾಡೋ. ಅಲ್ಲಿ ನನ್ನ ಕಾಯಾಕತ್ತಾರ. ನೀ ಆಡು." ಚಪ್ಪಲಿ ಮೆಟ್ಟಿಕೊಂಡು, ಕೊಡೆ ಬಿಚ್ಚಿ, ಹೊರಟು ಹೋದರು.

ಗಂಡ ಬಾಗಿಲ ಕಡೆ ನೋಡುತ್ತ ಇದ್ದರು. ಪರದೆಯ ಮೇಲೆ ಆಯಿ ನಗುತ್ತ ನಿಂತೇ ಇದ್ದಳು. ಆ ಕ್ಷಣ ನಾನು ಬೇಕಾದರೆ ಅವರ ಪಕ್ಕ ಹೋಗಿ ಕೂರಬಹುದಿತ್ತು. ಕೂರಲಿಲ್ಲ. ಬಟ್ಟೆ ಮಡಿಸಿ ಮುಗಿಸಿದೆ. ಇದು ನನ್ನ ಹಟ ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. ಮೂರು ಜನ ಸೇರಿ ಕೂರುವ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಇತ್ತು, ಅದನ್ನು ಕಂಪನಿಯವರು ಹಾಳು ಮಾಡಿದರು. ಹತ್ತು ತಿಂಗಳ ಮೇಲೆ ಮುಖ ತಂದು ಕೊಟ್ಟರೆ ಆ ಮಧ್ಯಾಹ್ನವೂ ವಾಪಸು ಬರುತ್ತದೆಯೇ? ಅದಕ್ಕೆ ಯಾವ ತೇಪೆಯೂ ಇರಲಿಲ್ಲ.

ಆ ವರ್ಷದ ಕೊನೆಗೆ ಎಲ್ಲ ಕಡೆ ಕಂಪನಿಯ ಹೊಗಳಿಕೆ ಶುರುವಾಯಿತು. ಬಿಟ್ಟು ಹೋಗಲಿಲ್ಲ, ಕೈ ಚೆಲ್ಲಲಿಲ್ಲ, ತಿದ್ದಿ ತೋರಿಸಿದರು, ಅಂತ. ಗಂಡ ಒಂದು ವಿಡಿಯೋ ತೋರಿಸಿದರು. ಅದರಲ್ಲಿ ಕಂಪನಿಯ ಯಜಮಾನನಂಥ ಒಬ್ಬ ಮನುಷ್ಯ ಕಣ್ಣಲ್ಲಿ ನೀರು ತಂದುಕೊಂಡು, ಈ ಹತ್ತು ತಿಂಗಳು ನಮ್ಮ ತಂಡಕ್ಕೆ ಎಷ್ಟು ಕಷ್ಟವಾಯಿತು ಎಂದು ಹೇಳುತ್ತಿದ್ದ. ಎದುರಿಗೆ ಕೂತವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಕಾರ್ಖಾನೆಯಲ್ಲಿ ನಾನು ಮಸುಕು ಪೆಟ್ಟಿಗೆಗಳನ್ನು ಮೂರು ದಿನ ಬಿಚ್ಚಿದ ಮೇಲೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ತಟ್ಟಿದ್ದರೆ ನಾನು ನಾಚಿಕೆಯಿಂದ ಕೆಲಸ ಬಿಡುತ್ತಿದ್ದೆ. ಈ ಮನುಷ್ಯ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ.

"ಏನಂತಿ?" ಗಂಡ ಕೇಳಿದರು.

"ಅಂಗಿ ಚಲೋ ಹಾಕ್ಕೊಂಡಾನ," ಅಂದೆ.

ಗಂಡ ಆಟವನ್ನು ಒಬ್ಬರೇ ಮುಗಿಸಿದರು. ಎರಡು ತಿಂಗಳು ಹಿಡಿಯಿತು. ಮುಗಿದ ದಿನ ಅಡುಗೆಮನೆಗೆ ಬಂದು, ನೀರು ಕುಡಿದು, ಲೋಟ ಕೈಯಲ್ಲೇ ಹಿಡಿದು ನಿಂತರು.

"ಮುಗೀತು," ಅಂದರು.

"ಹೆಂಗಿತ್ರಿ?"

"ಚಲೋ ಇತ್ತು. ಖರೇನ ಭಾಳ ಚಲೋ ಇತ್ತು." ಸ್ವಲ್ಪ ತಡೆದು, "ಕಡೀಕ ಆಯಿ ಒಬ್ಬಾಕೀನ ಹತ್ತಿಸ್ಕೋಬೇಕೋ ಬ್ಯಾಡೋ ಅಂತ ಕೇಳ್ತಾಳ. ಒಂದ್ ಹೆಂಗಸು, ಕೂಸಿನ್ನ ಎತಗೊಂಡು ಬಂದಿರ್ತಾಳ. ಅವ್ವ ಬಾಜೂಕ ಕುಂತಿದ್ರ ಏನಂತಿದ್ಳೋ ಅಂತ ಭಾಳ ಹೊತ್ತು ಕುಂತೆ," ಅಂದರು.

"ಆಮ್ಯಾಲ?"

"ಹತ್ತಿಸ್ಕೊಂಡೆ. ಸರಿ ಆತೋ ತಪ್ಪಾತೋ ಗೊತ್ತಾಗ್ಲಿಲ್ಲ."

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವರನ್ನು ನೋಡಿದೆ. ಆಟ ಚೆನ್ನಾಗಿತ್ತು ಎಂದು ನಾನು ನಂಬಿದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಷ್ಟು ಒಳ್ಳೆಯ ಕಥೆ ಮಾಡಬಲ್ಲವರೇ ಅದನ್ನು ಹಾಗೆ ಮಾರಿದ್ದರು ಎಂಬುದು ನನಗೆ ಇನ್ನೂ ಹೇಸಿಕೆ ತಂದಿತು. ಕೆಲಸ ಬಾರದವರು ಮಾಡಿದ್ದರೆ ಕ್ಷಮಿಸಬಹುದಿತ್ತು.

ಈಗ ಮೂರನೆಯ ಭಾಗ ಬರುತ್ತದಂತೆ. ಮೊನ್ನೆ ಗಂಡ ಟ್ರೇಲರ್ ತೋರಿಸಿದರು, ಮುಂಗಡ ಕೊಟ್ಟವರಿಗೆ ಬೆಳ್ಳಿಯ ಲಾಂದ್ರ ಅಂತೆ. ಬುಕ್ ಮಾಡಲೇ ಎಂದು ಬಾಯಿಬಿಟ್ಟು ಕೇಳಲಿಲ್ಲ, ಫೋನು ಹಿಡಿದು ನನ್ನ ಮುಖ ನೋಡಿದರು.

"ಬರ್ಲಿ. ಬಂದು ಒಂದ್ ವರ್ಷ ಆದ ಮ್ಯಾಲ ನೋಡೂಣು," ಅಂದೆ.

"ವರ್ಷ ಅಂದ್ರ ಭಾಳ ಆತಲಾ? ಆರ್ ತಿಂಗಳ?"

"ವರ್ಷರಿ."

ಅವರು ಫೋನನ್ನು ಕಿಸೆಗೆ ಹಾಕಿಕೊಂಡರು. ಸಂಜೆ ಮೂವರೂ ಬೈನಾ ಸಮುದ್ರದ ಕಡೆ ತಿರುಗಾಡಲು ಹೋದೆವು. ಅತ್ತೆ ಮುಂದೆ ಮುಂದೆ ನಡೆಯುತ್ತ, ಮುಂದಿನ ವಾರ ಭಜನೆಯಲ್ಲಿ ಹೇಳಬೇಕಾದ ಪದವನ್ನು ಬಾಯಲ್ಲೇ ಗುನುಗುತ್ತಿದ್ದರು. ಒಂದು ಸಾಲು ಮತ್ತೆ ಮತ್ತೆ ತಪ್ಪುತ್ತಿತ್ತು. ತಪ್ಪಿದಾಗೆಲ್ಲ ನಿಂತು, ಸರಿಯಾಗುವ ತನಕ ಅದೇ ಸಾಲನ್ನು ಹೇಳಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು.